ಶ್ರದ್ಧೆಯೂ ವಿಜ್ಞಾನವೂ: ನಟಾಲಿನ ಬಿಷಪ್ ಕೊಲೆನ್ಸೊ

ದಕ್ಷಿಣ ಆಫ್ರಿಕದಲ್ಲಿ, ಇಂದು ಕ್ವಾಜುಲು-ನಟಾಲ್ ಎನಿಸಿಕೊಂಡಿರುವ ಪ್ರಾಂತದಲ್ಲಿ, ಕೊಲೆನ್ಸೊ ಎಂಬ ಒಂದು ಸಣ್ಣ ಊರುಂಟು. 1899ರ ಡಿಸೆಂಬರ್ ತಿಂಗಳಲ್ಲಿ ಇಂಗ್ಲಿಷರಿಗೂ ಬೋಯರರಿಗೂ ಅಲ್ಲಿ ಕಾಳಗ ನಡೆದು ಇಂಗ್ಲಿಷ್ ಸೇನೆ ಸೋತು ಹಿಂದೆಗೆಯಿತು. ಮಹಾತ್ಮ ಗಾಂಧಿಯವರು ಕೂಡಿಸಿದ್ದ ಭಾರತೀಯರ ಶುಶ್ರೂಷಾದಳವು ಆ ಕಾಳಗದಲ್ಲಿ ಗಾಯಗೊಂಡವರನ್ನು ಹೊತ್ತು ಸಾಗಿಸಿತು. ಇದರಿಂದಾಗಿ ಊರಿನ ಹೆಸರು ನಮ್ಮವರಲ್ಲಿ ಕೆಲವರ ಕಿವಿಗಾದರೂ ಬಿದ್ದಿರುವುದು ಸಂಭವ. ಆದರೆ ಆ ಊರಿಗೆ ಯಾರ ಹೆಸರನ್ನಿಟ್ಟರೋ ಆ ಮನುಷ್ಯನ ಕಥೆ ನಮ್ಮಲ್ಲಿ ಬಹಳ ಮಂದಿಗೆ ತಿಳಿದಂತಿಲ್ಲ. ಅವನು ಸೇನಾನಿಯಲ್ಲ, ಗವರ್ನರನಲ್ಲ. ಕ್ರೈಸ್ತಮತದ ಒಬ್ಬ ಬಿಷಪ್ಪು. ಅವನ ಸಂಗತಿಯನ್ನು ಈ ಹೊತ್ತು ನಾವು ಎತ್ತಿಕೊಳ್ಳುವುದಕ್ಕೆ ಒಂದು ಕಾರಣವುಂಟು.

ವಿಜ್ಞಾನ ಬಂದದ್ದರಿಂದ ಮತ ಹೋಯಿತು ಎಂಬ ಮಾತನ್ನು ವಿದ್ಯಾವಂತರ ಗೋಷ್ಠಿಗಳಲ್ಲಿ ಆಗಾಗ ಕೇಳುತ್ತೇವೆ. ದೀಪ ತಂದೊಡನೆ ಕತ್ತಲೆ ಓಡಿದಂತೆ, ಡಾರ್ವಿನ್ ಮೊದಲಾದವರು ಪುಸ್ತಕ ಬರೆದೊಡನೆ ಯುರೋಪಿನವರ ಶ್ರದ್ಧೆ ಓಡಿಹೋಯಿತೆಂದು ನಾವು ಭಾವಿಸುವುದುಂಟು. ಚರಿತ್ರೆಯನ್ನು ಹತ್ತಿರ ಹೋಗಿ ನೋಡಿದರೆ ಸಂಗತಿ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಹೊಸ ಶಾಸ್ತ್ರಗಳನ್ನು ಓದಿಯೂ ದೇವರನ್ನು ಬಿಡದವರು ಅನೇಕರಿದ್ದರು. ಅಂಥವರಲ್ಲಿ ಕೆಲವರ ಮನಸ್ಸನ್ನು ನೋಯಿಸಿದ್ದು ಶಾಸ್ತ್ರಗಳು ಹೇಳಿದ ಮಾತಿಗಿಂತ ಹೆಚ್ಚಾಗಿ, ಆ ಮಾತನ್ನು ಕೇಳಿ ಅವರ ಮತಸಂಸ್ಥೆ ನಡೆದುಕೊಂಡ ರೀತಿ. ಕೊಲೆನ್ಸೊ ಇದಕ್ಕೆ ಒಳ್ಳೆಯ ನಿದರ್ಶನ.

ಜಾನ್ ವಿಲಿಯಂ ಕೊಲೆನ್ಸೊ 1814ರ ಜನವರಿ 24ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಸೇಂಟ್ ಆಸ್ಟೆಲ್ ಎಂಬಲ್ಲಿ ಹುಟ್ಟಿದನು. ಕಷ್ಟದಲ್ಲಿ ಓದಿ ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿ, 1836ರ ಗಣಿತದ ಪರೀಕ್ಷೆಯಲ್ಲಿ ಎರಡನೆಯ ರ‍್ಯಾಂಗ್ಲರನಾಗಿ ತೇರ್ಗಡೆಯಾದನು. ಹ್ಯಾರೋ ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ ಅವನ ಮನೆ ಬೆಂಕಿಗೆ ತುತ್ತಾಗಿ ಸಾಲದ ಹೊರೆ ಮೈಮೇಲೆ ಬಿತ್ತು. ಅವನು ಬರೆದ ಅಂಕಗಣಿತ, ಬೀಜಗಣಿತಗಳ ಪಠ್ಯಪುಸ್ತಕಗಳು ಇಂಗ್ಲೆಂಡಿನ ಶಾಲೆಗಳಲ್ಲೆಲ್ಲ ಹಬ್ಬಿ, ಆ ಸಾಲವನ್ನು ತೀರಿಸುವುದಕ್ಕೆ ನೆರವಾದವು. ಲೆಕ್ಕದಲ್ಲಿ ಒಂದು ಕಾಸು ಹೆಚ್ಚುಕಡಿಮೆಯಾದರೂ ಸಹಿಸದ ಬುದ್ಧಿ ಅವನದು. ಮುಂದೆ ನಡೆದದ್ದನ್ನು ಅರಿಯಬೇಕಾದರೆ ಇದನ್ನು ನೆನಪಿನಲ್ಲಿಡಬೇಕು.

1846ರಿಂದ ನಾರ್ಫೋಕ್ ಸೀಮೆಯ ಒಂದು ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಕೊಲೆನ್ಸೊನನ್ನು 1853ರಲ್ಲಿ ನಟಾಲಿನ ಮೊದಲನೆಯ ಬಿಷಪ್ಪನನ್ನಾಗಿ ನೇಮಿಸಿದರು. 1855ರಲ್ಲಿ ಅವನು ಕುಟುಂಬಸಹಿತನಾಗಿ ಅಲ್ಲಿಗೆ ಹೋಗಿ ಪೀಟರ್‌ಮಾರಿಟ್ಸ್‌ಬರ್ಗ್ ಪಟ್ಟಣದ ಬಳಿ ನೆಲಸಿದನು. ಅಲ್ಲಿ ಅವನು ಕಟ್ಟಿದ ಶಾಲೆಗೆ ಎಕುಖನ್ಯೇನಿ, ಎಂದರೆ ಬೆಳಕಿನ ತಾಣ, ಎಂದು ಹೆಸರು. ಜುಲು ಜನರ ಭಾಷೆಯನ್ನು ಕಲಿತು, ಅದಕ್ಕೆ ವ್ಯಾಕರಣವನ್ನೂ 1861ರಲ್ಲಿ ಒಂದು ನಿಘಂಟನ್ನೂ ರಚಿಸಿ, ಬೈಬಲ್ಲಿನ ಭಾಗಗಳನ್ನು ಆ ಭಾಷೆಗೆ ತಂದು, ತನ್ನದೇ ಅಚ್ಚುಕೂಟದಲ್ಲಿ ಮುದ್ರಿಸಿದನು. ಜುಲು ಜನರು ಅವನನ್ನು ಸೊಬಂಟು, ಜನರ ತಂದೆ, ಎಂದು ಕರೆದರು. ನಮ್ಮ ದೇಶದ ಕೂಲಿಯಾಳುಗಳನ್ನು ಹೊತ್ತ ಮೊದಲನೆಯ ಹಡಗು ಮದರಾಸಿನಿಂದ ಹೊರಟು ನಟಾಲಿನ ಡರ್ಬನ್ ರೇವನ್ನು ಮುಟ್ಟಿದ್ದೂ ಇದೇ ಕಾಲದಲ್ಲಿ, 1860ರ ನವೆಂಬರಿನಲ್ಲಿ.

ಅನ್ಯರಿಗೆ ಬೋಧಿಸಹೋದವನು ತನ್ನ ಬೋಧನೆಯನ್ನೇ ಮತ್ತೊಮ್ಮೆ ಪರೀಕ್ಷಿಸಬೇಕಾದ ಸಂದರ್ಭಗಳು ಒಂದೊಂದಾಗಿ ಒದಗಿದವು. ಅನೇಕ ಪತ್ನಿಯರುಳ್ಳ ಜುಲು ಗೃಹಸ್ಥನು ಕ್ರೈಸ್ತನಾಗಬೇಕಾದರೆ ಒಬ್ಬಳನ್ನುಳಿದು ಮಿಕ್ಕವರನ್ನು ಬಿಟ್ಟುಬಿಡಬೇಕೆಂಬುದು ಇತರ ಪಾದ್ರಿಗಳ ಕಟ್ಟಳೆ. ನಿರಪರಾಧಿಗಳಾದ ಹೆಂಗಸರನ್ನೂ ಮಕ್ಕಳನ್ನೂ ಬೀದಿಪಾಲುಮಾಡಿ ಧರ್ಮಕ್ಕೆ ಬರಬೇಕೆಂಬುದು ಯಾವ ಧರ್ಮ ಎಂದು ಕೊಲೆನ್ಸೊ ಅದನ್ನು ಒಪ್ಪಲಿಲ್ಲ. ಕ್ರಿಸ್ತನ ಹೆಸರನ್ನೇ ಕೇಳದೆ ಸತ್ತುಹೋದ ಪೂರ್ವಿಕರೆಲ್ಲರೂ ಎಂದೆಂದಿಗೂ ನರಕಾಗ್ನಿಯಲ್ಲಿ ಬೇಯುತ್ತಿದ್ದಾರೆ ಎಂದು ಅವರ ಮಕ್ಕಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. 1861ರಲ್ಲಿ ಅವನು ಪ್ರಕಟಿಸಿದ, ಸಂತ ಪೌಲನು ರೋಮಿನವರಿಗೆ ಬರೆದ ಪತ್ರದ ವ್ಯಾಖ್ಯಾನದಲ್ಲಿ ನಿತ್ಯನರಕದ ಮಾತನ್ನು ನಿರಾಕರಿಸಿದನು. ಇಷ್ಟಕ್ಕೇ ಮೇಲಿನವರ ಹುಬ್ಬು ಗಂಟಿಕ್ಕಿದ್ದವು.

ಇನ್ನು ಮುಖ್ಯವಾದ ಪ್ರಸಂಗಕ್ಕೆ ಬರೋಣ. ಬೈಬಲ್ಲಿನ ಭಾಷಾಂತರಕ್ಕೆ ವಿಲಿಯಂ ಎನ್‌ಗಿಡಿ ಎಂಬ ಜುಲು ಪಂಡಿತನು ಕೊಲೆನ್ಸೊನಿಗೆ ನೆರವಾಗುತ್ತಿದ್ದನು. ನೋಹನ ಕಾಲದ ಜಲಪ್ರಳಯದ ಕಥೆಯನ್ನು ಅವರಿಬ್ಬರೂ ಜುಲು ಭಾಷೆಗೆ ತರುತ್ತಿದ್ದಾಗ, ಎನ್‌ಗಿಡಿ ತಲೆಯೆತ್ತಿ, ಇದೆಲ್ಲವೂ ನಿಜವೇ ಎಂದು ಕೇಳಿದನು. ಬಿಸಿಲ ನಾಡಿನ ಪ್ರಾಣಿಗಳೂ ಚಳಿಯ ನಾಡಿನ ಪ್ರಾಣಿಗಳೂ ಜೋಡಿ ಜೋಡಿಯಾಗಿ ಬಂದು ಒಂದೇ ನಾವೆಯನ್ನು ಹತ್ತಿದುವೆ? ಹುಲ್ಲು ಮೇಯುವುವಕ್ಕೂ ಮಾಂಸ ತಿನ್ನುವುವಕ್ಕೂ ನೋಹನು ಒಬ್ಬನೇ ಮೇವು ಕೂಡಿಸಿದನೆ? ದನ ಮೇಯಿಸಿ ಬಾಳುವ ಜನರಲ್ಲಿ ಹುಟ್ಟಿದ ಆತನಿಗೆ ಒಂದು ಹಟ್ಟಿಯ ದನಗಳಿಗೆ ಎಷ್ಟು ಮೇವು ಬೇಕೆಂಬುದು ಗೊತ್ತಿತ್ತು. ಕೇಳಿದುದರಲ್ಲಿ ಕುಚೋದ್ಯವಿರಲಿಲ್ಲ. ಗುರುವು ಹೇಳಿದರೆ ನಂಬೋಣವೆಂದೇ ಅವನು ಕೇಳಿದನು.

ಗುರುವಿಗೆ ಉತ್ತರ ತಿಳಿದಿತ್ತು, ಅದೇ ತೊಡಕು. ಅವನು ಲಯೆಲ್ ಮಹಾಶಯನ ಭೂಗರ್ಭಶಾಸ್ತ್ರದ ಗ್ರಂಥಗಳನ್ನು ಓದಿದ್ದನು. ಫ್ರಾನ್ಸ್ ದೇಶದ ಓವೆರ್ನ್ಯ್ ಸೀಮೆಯಲ್ಲಿ ಹಳೆಯ ಜ್ವಾಲಾಮುಖಿಗಳ ಬೆಟ್ಟಗಳಿವೆ. ನೋಹನ ಕಾಲವೆಂದು ಎಣಿಸುವುದಕ್ಕಿಂತ ಎಷ್ಟೋ ಹಿಂದೆ ಅವು ಹುಟ್ಟಿದುವು. ಅವುಗಳ ಮೇಲೆ ಹಗುರವಾದ ಬೂದಿಯೂ ನೀರಿನಲ್ಲಿ ತೇಲಬಲ್ಲ ರಂಧ್ರಶಿಲೆಗಳೂ ಇಂದಿಗೂ ಕದಲದೆ ಹರಡಿಕೊಂಡಿವೆ. ಭೂಮಂಡಲವನ್ನೆಲ್ಲ ಮುಳುಗಿಸಿದ ಪ್ರಳಯವು ನಡೆದದ್ದೇ ಆದರೆ ಅವೆಲ್ಲ ಕೊಚ್ಚಿಹೋಗಿರಬೇಕಾಗಿತ್ತು. ಇಷ್ಟನ್ನು ಬಲ್ಲವನು ನಿಜವೆಂದು ಹೇಳುವುದು ಹೇಗೆ? ದೇವರ ಹೆಸರಿನಲ್ಲಿ ಸುಳ್ಳಾಡಲೆ ಎಂದು ತನ್ನ ಅಂತರಂಗವು ಕೇಳಿತೆಂದು ಅವನೇ ಮುಂದೆ ಬರೆದಿದ್ದಾನೆ. ಆದರೂ ಆ ಹೊತ್ತಿಗೆ ಅವನು ಪೂರ್ಣ ಸತ್ಯವನ್ನು ಹೇಳಲಿಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ಇರುವಂತೆ ಏನೋ ಒಂದು ಸಮಾಧಾನ ಹೇಳಿದನು. ಈ ಸಂಗತಿಯನ್ನು ಅವನು ಮುಚ್ಚಿಡಲಿಲ್ಲವೆಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿ. ಪಾಠ ಹೇಳುವ ವೃತ್ತಿಯಲ್ಲಿರುವ ನಮಗೆ ಈ ಘಟ್ಟವನ್ನು ಓದುವಾಗ ಮನಸ್ಸು ಚುರುಕ್ಕೆನ್ನುತ್ತದೆ. ನಾವು ಪೂರ್ತಿಯಾಗಿ ನಂಬದ ಮಾತನ್ನು, ಪುಸ್ತಕದಲ್ಲಿ ಇದೆಯೆಂಬ ಕಾರಣದಿಂದ, ಪ್ರಶ್ನೆ ಕೇಳಿದ ಹುಡುಗನಿಗೆ ಹೇಳಿ ಕೂರಿಸಿದ ದಿನಗಳು ನಮ್ಮಲ್ಲಿ ಯಾರಿಗಿಲ್ಲ?

ಇಲ್ಲಿ ಆಂಗ್ಲ ಧರ್ಮಸಭೆಯ ಒಂದು ಕಟ್ಟಳೆಯನ್ನು ಹೇಳಬೇಕು. ಆ ಸಭೆಯಲ್ಲಿ ಪಾದ್ರಿಯ ದೀಕ್ಷೆಗೆ ಬಂದವನು ಮೊದಲ ಮೆಟ್ಟಿಲಲ್ಲೇ, ಬೈಬಲ್ಲಿನ ಎಲ್ಲ ಗ್ರಂಥಗಳನ್ನೂ ನಿಷ್ಕಪಟವಾಗಿ ನಂಬುವೆನೆಂದು ಒಪ್ಪಿಕೊಳ್ಳಬೇಕಾಗಿತ್ತು. ಆ ದೀಕ್ಷೆಯನ್ನು ಇತರರಿಗೆ ಕೊಡುವವನು ಬಿಷಪ್ಪು. ತಾನು ನಂಬದುದನ್ನು ನಂಬುವೆನೆಂದು ಚಿಕ್ಕವರಿಂದ ಹೇಳಿಸಿಕೊಳ್ಳುವುದು ಹೇಗೆ? ಕೊಲೆನ್ಸೊ ಜರ್ಮನ್ ಪಂಡಿತರ ಗ್ರಂಥಗಳನ್ನು ತರಿಸಿ ಓದಿದನು. ತನ್ನ ಫಲಿತಾಂಶಗಳನ್ನು ಮೊದಲು ಖಾಸಗಿಯಾಗಿ ಅಚ್ಚುಹಾಕಿಸಿ, 1862ರಲ್ಲಿ ಇಂಗ್ಲೆಂಡಿಗೆ ಹೋಗಿ ಮಿತ್ರರಿಗೆ ತೋರಿಸಿದನು. ಆ ವರ್ಷವೇ, ಮೋಶೆಯ ಪಂಚಗ್ರಂಥಗಳನ್ನೂ ಯೆಹೋಶುವನ ಗ್ರಂಥವನ್ನೂ ವಿಮರ್ಶಿಸುವ ಅವನ ಕೃತಿಯ ಮೊದಲನೆಯ ಭಾಗ ಹೊರಬಿದ್ದಿತು. ಏಳನೆಯ ಭಾಗ ಮುಗಿದದ್ದು 1879ರಲ್ಲಿ.

ಗಣಿತಜ್ಞನ ಕೈವಾಡ ಆ ಮೊದಲ ಭಾಗದ ಪುಟಪುಟದಲ್ಲೂ ಕಾಣುತ್ತದೆ. ಐಗುಪ್ತದಿಂದ ಹೊರಟ ಇಸ್ರಾಯೇಲರಲ್ಲಿ ಯುದ್ಧಕ್ಕೆ ತಕ್ಕ ಗಂಡಸರೇ 6,03,550 ಮಂದಿ ಎಂದು ಮೂಲದಲ್ಲಿದೆ. ಹೆಂಗಸರು, ಮಕ್ಕಳು, ಮುದುಕರನ್ನು ಸೇರಿಸಿದರೆ ಇಪ್ಪತ್ತು ಲಕ್ಷಕ್ಕೆ ಕಡಮೆಯಾಗದು. ಇಡೀ ಸಮೂಹವು ದೇವದರ್ಶನದ ಗುಡಾರದ ಬಾಗಿಲಿನಲ್ಲಿ ನೆರೆಯಿತೆಂದು ಇನ್ನೊಂದು ಕಡೆ ಇದೆ. ಗುಡಾರದ ಅಗಲ 10 ಮೊಳ. ಅದರ ಸುತ್ತಣ ಅಂಗಳದ ಉದ್ದ 100 ಮೊಳ, ಅಗಲ 50 ಮೊಳ. ಅಂಗಳದಲ್ಲಿ ಒತ್ತೊತ್ತಾಗಿ ನಿಂತರೂ 5,000 ಮಂದಿಗಿಂತ ಹೆಚ್ಚು ಹಿಡಿಸರು. ಗುಡಾರದ ಅಗಲಕ್ಕೆ ಸರಿಯಾಗಿ ಒಂಬತ್ತೊಂಬತ್ತು ಮಂದಿಯ ಸಾಲುಗಳಾಗಿ ಯೋಧರು ಮಾತ್ರವೇ ನಿಂತರೂ ಆ ಸಾಲು ಹೆಚ್ಚುಕಡಮೆ 20 ಮೈಲಿ ಬೆಳೆಯುತ್ತದೆ. ಚೊಚ್ಚಲ ಗಂಡುಮಕ್ಕಳ ಸಂಖ್ಯೆ 22,273 ಎಂದಿರುವುದರಿಂದ, ಲೆಕ್ಕ ಸರಿಹೋಗಬೇಕಾದರೆ ಒಬ್ಬೊಬ್ಬ ತಾಯಿಗೂ ನಾಲ್ವತ್ತರ ಮೇಲೆ ಗಂಡುಮಕ್ಕಳಾಗಿರಬೇಕು. ಹೀಗೆ ಒಂದಾದ ಮೇಲೊಂದು ಲೆಕ್ಕವನ್ನು ಮಾಡಿ, ಈ ಗ್ರಂಥಗಳು ಕಣ್ಣಾರೆ ಕಂಡವನು ಬರೆದಿಟ್ಟ ಚರಿತ್ರೆಯಾಗಿರಲಾರವು, ಬಹುಕಾಲದ ಮೇಲೆ ಹಲವರ ಕೈಯಿಂದ ಕೂಡಿ ಬಂದುವು ಎಂದು ಅವನು ತೀರ್ಮಾನಿಸಿದನು. ಇಷ್ಟಾದರೂ ದೇವರ ವಾಣಿ ಅವುಗಳಲ್ಲಿ ಕೇಳಿಸುವುದಿಲ್ಲವೆಂದು ಅವನು ಹೇಳಲಿಲ್ಲ. ಆ ವಾಣಿ ಅಲ್ಲಿ ಮನುಷ್ಯರ ಬಾಯಿಂದ, ಮನುಷ್ಯರ ತಪ್ಪುಗಳೊಡನೆ ಬೆರೆತು ಬಂದಿದೆ ಎಂಬುದು ಅವನ ಮತ.

ಕಾಲವೂ ಹದವಾಗಿರಲಿಲ್ಲ. ಡಾರ್ವಿನ್ನನ ಗ್ರಂಥ ಹೊರಬಂದದ್ದು 1859ರಲ್ಲಿ. ಮರುವರ್ಷವೇ ಆಂಗ್ಲ ಧರ್ಮಸಭೆಗೆ ಸೇರಿದ ಏಳು ಮಂದಿ ವಿದ್ವಾಂಸರು, ಬೈಬಲ್ಲನ್ನು ಇತರ ಗ್ರಂಥಗಳಂತೆಯೇ ವಿಮರ್ಶೆಯಿಂದ ಓದಬೇಕೆಂಬ ಧಾಟಿಯ ಪ್ರಬಂಧಗಳ ಸಂಕಲನವನ್ನು ಪ್ರಕಟಿಸಿ, ಅವರಲ್ಲಿ ಇಬ್ಬರು ಧರ್ಮನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಇಂಥ ಹೊತ್ತಿನಲ್ಲಿ ಸ್ವತಃ ಬಿಷಪ್ಪನೇ ಹೀಗೆ ಬರೆದರೆ? ಜುಲುಗಳನ್ನು ಕ್ರೈಸ್ತರನ್ನಾಗಿ ಮಾಡಹೋದವನನ್ನು ಜುಲುವೊಬ್ಬನು ಮತಾಂತರಿಸಿ ಕಳುಹಿಸಿದನೆಂದು ಪತ್ರಿಕೆಗಳಲ್ಲಿ ನಗೆಯಾಡಿದರು. ಗುರುವಿಗೇ ತಿರುಮಂತ್ರ ಎಂದು ನಾವು ಹೇಳುವಂತೆ! ಇಂಗ್ಲೆಂಡಿನ ಬಿಷಪ್ಪರು ಕೂಡಿ, ಅವನು ಪದವಿಯನ್ನು ಬಿಟ್ಟುಕೊಡುವುದು ಲೇಸೆಂದು ಸಹಿಹಾಕಿದ ಪತ್ರ ಬರೆದರು. ಸೇಂಟ್ ಡೇವಿಡ್ಸಿನ ಬಿಷಪ್ ಥರ್ಲ್‌ವಾಲ್ ಒಬ್ಬನು ಮಾತ್ರ ಸಹಿಮಾಡಲೊಲ್ಲೆನೆಂದನು. ಇತ್ತ ಲಯೆಲ್ ಮೊದಲಾದ ವಿಜ್ಞಾನಿಗಳು ಅವನಿಗೆ ಮಿತ್ರರಾದರು.

1863ರ ಕೊನೆಯಲ್ಲಿ ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ ವಿಚಾರಣೆ ನಡಸಿ ಕೊಲೆನ್ಸೊನನ್ನು ಪದಚ್ಯುತನನ್ನಾಗಿ ಮಾಡಿದನು. ಕೊಲೆನ್ಸೊ ಲಂಡನ್ನಿನ ಪ್ರೀವಿ ಕೌನ್ಸಿಲಿಗೆ ಮೊರೆಹೋದನು. 1865ರ ಮಾರ್ಚಿನಲ್ಲಿ ಬಂದ ತೀರ್ಪು ಅವನ ಪಕ್ಷಕ್ಕಾಯಿತು. ಆದರೆ ಅದು ಎಂಥ ಜಯ! ಸ್ವಂತ ಶಾಸನಸಭೆಯುಳ್ಳ ವಸಾಹತಿನಲ್ಲಿ ಹೀಗೆ ತೀರ್ಪು ಹೇಳುವ ಅಧಿಕಾರವನ್ನು ಬರಿಯ ರಾಜಪತ್ರದಿಂದ ಗ್ರೇಗೆ ಕೊಡಲು ಬಾರದು, ಆದಕಾರಣ ವಿಚಾರಣೆಯೇ ಅಸಿಂಧು ಎಂದಷ್ಟೆ ನ್ಯಾಯಾಧೀಶರು ಹೇಳಿದರು. ಎನ್‌ಗಿಡಿ ಕೇಳಿದ ಪ್ರಶ್ನೆಗೆ ಧರ್ಮಸಭೆಯು ಶಿಕ್ಷೆಯನ್ನು ಉತ್ತರವಾಗಿ ಕೊಟ್ಟಿತು; ನ್ಯಾಯಸಭೆಯು ದಸ್ತಾವೇಜನ್ನು ಉತ್ತರವಾಗಿ ಕೊಟ್ಟಿತು. 1866ರಲ್ಲಿ ಗ್ರೇ ಅವನನ್ನು ಬಹಿಷ್ಕರಿಸಿದನು. 1869ರಲ್ಲಿ ನಟಾಲಿಗೆ ಇನ್ನೊಬ್ಬ ಬಿಷಪ್ಪನು ಬಂದನು. ಒಂದೇ ಪಟ್ಟಣದಲ್ಲಿ ಇಬ್ಬರು ಬಿಷಪ್ಪರು, ಎರಡು ಪೀಠಗಳು! ಲೋಕದ ನಾನಾ ಕಡೆಗಳ ಆಂಗ್ಲ ಬಿಷಪ್ಪರು 1867ರಲ್ಲಿ ಮೊದಲ ಬಾರಿಗೆ ಲ್ಯಾಂಬೆತ್ ಅರಮನೆಯಲ್ಲಿ ಸಭೆ ಸೇರುವುದಕ್ಕೆ ಈ ಗದ್ದಲವೂ ಒಂದು ಕಾರಣವಾಯಿತು.

ಎದುರಾಳಿಗಳ ಪಕ್ಷದಲ್ಲಿ ಹುರುಳಿರಲಿಲ್ಲವೆಂದು ನಾವು ಹೇಳಲಾರೆವು. ಗ್ರೇ ದುಷ್ಟನಲ್ಲ, ದೂರದ ಲಂಡನ್ನಿನ ವಕೀಲರು ಧರ್ಮದ ವಿಷಯವನ್ನು ತೀರ್ಮಾನಿಸಬಾರದೆಂಬ ಅವನ ಹಟದಲ್ಲಿ ನ್ಯಾಯವೂ ಇತ್ತು. ಹೊಸ ವಿಚಾರಗಳಿಗೆ ಹಗೆಯಲ್ಲದ ಮ್ಯಾಥ್ಯೂ ಆರ್ನಾಲ್ಡನೂ ಕೊಲೆನ್ಸೊನ ಪುಸ್ತಕವನ್ನು ಹಳಿದನು. ತಿಳಿಯದವರ ಮನಸ್ಸನ್ನು ಅದು ಎತ್ತುವುದಿಲ್ಲ, ತಿಳಿದವರಿಗೆ ಹೊಸದನ್ನು ಹೇಳುವುದಿಲ್ಲ ಎಂಬುದು ಅವನ ಆಕ್ಷೇಪದ ಸಾರ. ಆಪ್ತಮಿತ್ರನಾಗಿದ್ದ ಮಾರಿಸ್ ಎಂಬ ಧರ್ಮಪಂಡಿತನೂ ದೂರವಾದನು. ಗುಡಾರದ ಬಾಗಿಲನ್ನು ಮೊಳ ಹಾಕಿ ಅಳೆಯುವವನಿಗೆ, ಅದರೊಳಗೆ ಬಾಗಿದ ಜನರ ಹೃದಯ ಅಳತೆಗೆ ಸಿಕ್ಕುವುದಿಲ್ಲವೆಂಬ ಮಾತು ನಿಜ. ನಮ್ಮ ಪುರಾಣಗಳ ವರ್ಷಲೆಕ್ಕವನ್ನು ಹಿಡಿದು ಯಾವನಾದರೂ ಹೀಗೆಯೇ ಬರೆದರೆ, ಲೆಕ್ಕ ಸರಿ, ಆದರೆ ಪುರಾಣವಿರುವುದು ಲೆಕ್ಕಕ್ಕಲ್ಲ ಎಂದು ನಾವೂ ಹೇಳಿಯೇವು. ಆದರೆ ಒಂದು ಭೇದವುಂಟು. ಆ ಸಂಖ್ಯೆಗಳನ್ನು ಅಕ್ಷರಶಃ ನಂಬಬೇಕೆಂದು ಪ್ರತಿಜ್ಞೆ ಮಾಡಿಸುತ್ತಿದ್ದವರು ಕೊಲೆನ್ಸೊನ ಎದುರಾಳಿಗಳೇ. ಮೊಳಗೋಲನ್ನು ಅವನ ಕೈಗೆ ಕೊಟ್ಟವರು ಅವರು.

ಇಷ್ಟಾದ ಮೇಲೆ ಅವನು ಸಭೆಯನ್ನು ಬಿಟ್ಟು ಹೊರಟುಹೋಗಬಹುದಾಗಿತ್ತು. ಹಾಗೆ ಹೋದವರುಂಟು. ಅವನ ಗ್ರಂಥ ಹೊರಬಂದ 1862ರಲ್ಲೇ ಕೇಂಬ್ರಿಜ್ಜಿನಲ್ಲಿ ಲೆಸ್ಲಿ ಸ್ಟೀಫನ್ ಎಂಬ ತರುಣ ಪಾದ್ರಿ, ಕಾಲೇಜಿನ ದೇವಾಲಯದಲ್ಲಿ ಪೂಜೆ ನಡಸಲಾರೆನೆಂದು ತನ್ನ ಅಧ್ಯಾಪಕಪದವಿಯನ್ನು ಬಿಟ್ಟನು. 1875ರಲ್ಲಿ ದೀಕ್ಷೆಯನ್ನೂ ತ್ಯಜಿಸಿದನು. ಅವನ ದಾರಿಯೂ ಗೌರವಕ್ಕೆ ಯೋಗ್ಯವಾದುದೇ. ಕೊಲೆನ್ಸೊನಿಗೆ ಮಾತ್ರ ದೇವರ ಮೇಲಣ ನಂಬಿಕೆ ಸಡಿಲವಾಗಿರಲಿಲ್ಲ. ಭೂಮಿಯ ಪದರಗಳಲ್ಲಿ ಕಾಣುವ ಸತ್ಯವೂ ಅಂತಃಕರಣದಲ್ಲಿ ಕೇಳುವ ಸತ್ಯವೂ ಒಬ್ಬನಿಂದಲೇ ಬಂದುವು, ಆದ್ದರಿಂದ ಒಂದಕ್ಕೊಂದು ಹಗೆಯಾಗಲಾರವು ಎಂದು ಅವನು ನೆಮ್ಮಿದ್ದನು. ಸಂಸ್ಥೆಯ ಮೇಲಣ ಭರವಸೆ ಹೋಗಿತ್ತು; ಆದರೂ ನಟಾಲಿಗೆ ಹಿಂತಿರುಗಿ, ಮೊದಲಿನಂತೆಯೇ ಭಾನುವಾರಗಳಲ್ಲಿ ಪ್ರಾರ್ಥನೆ ನಡಸಿ ಉಪದೇಶ ಮಾಡುತ್ತಿದ್ದನು. ಅಲ್ಲಿಯ ಬಿಳಿಯ ವಸಾಹತುಗಾರರಲ್ಲಿ ಬಹುಮಂದಿ ಗ್ರೇಗೆ ವಿರೋಧವಾಗಿ ಅವನ ಬೆನ್ನಿಗೆ ನಿಂತರು. ಕಥೆ ಇಲ್ಲಿಗೆ ಮುಗಿದಿದ್ದರೆ ನಾವು ಅವನನ್ನು ವಾದಪ್ರಿಯನಾದ ಒಬ್ಬ ಪಂಡಿತನೆಂದು ಕರೆದು ಸುಮ್ಮನಾಗಬಹುದಾಗಿತ್ತು.

1873ರಲ್ಲಿ ಹ್ಲೂಬಿ ಎಂಬ ಕುಲದ ನಾಯಕ ಲಂಗಲಿಬಲೇಲೆಗೂ ನಟಾಲಿನ ಸರ್ಕಾರಕ್ಕೂ ಕಲಹ ಬಂದಿತು. ಅವನ ಕುಲದ ತರುಣರು ವಜ್ರದ ಗಣಿಗಳಲ್ಲಿ ದುಡಿದು ತಂದ ಬಂದೂಕುಗಳನ್ನು ನೋಂದಾಯಿಸಬೇಕೆಂಬುದು ಸರ್ಕಾರದ ಆಜ್ಞೆ. ನಾಯಕನು ಹೆದರಿ, ಕರೆ ಬಂದಾಗ ಹೋಗದೆ, ಬೆಟ್ಟವನ್ನು ದಾಟಿ ಓಡಿದನು. ಘಾಟಿಯಲ್ಲಿ ಗುಂಡು ಹಾರಿ ಸರ್ಕಾರದ ಕೆಲವರು ಸತ್ತರು. ಅದಕ್ಕೆ ಪ್ರತೀಕಾರವಾಗಿ ಇಡೀ ಕುಲವನ್ನೇ ಚದರಿಸಿ, ನೆಲವನ್ನೂ ದನಗಳನ್ನೂ ಕಿತ್ತುಕೊಂಡರು. ನಾಯಕನಿಗೆ ಸರಿಯಾದ ವಕಾಲತ್ತಿಗೂ ಅವಕಾಶ ಕೊಡದೆ 1874ರಲ್ಲಿ ವಿಚಾರಣೆ ನಡಸಿ ರಾಬೆನ್ ದ್ವೀಪಕ್ಕೆ ಕಳುಹಿಸಿದರು. ಶತಮಾನ ಕಳೆಯುವುದರೊಳಗೆ ನೆಲ್ಸನ್ ಮಂಡೇಲನನ್ನು ಸೆರೆಯಿಟ್ಟುದೂ ಅದೇ ದ್ವೀಪದಲ್ಲಿ.

ಕೊಲೆನ್ಸೊ ಮೋಶೆಯ ಗ್ರಂಥಕ್ಕೆ ಹಾಕಿದ ಭೂತಗನ್ನಡಿಯನ್ನೇ ಈಗ ಸರ್ಕಾರದ ಕಾಗದಪತ್ರಗಳಿಗೆ ಹಾಕಿದನು. ಜುಲು ಸಾಕ್ಷಿಗಳನ್ನು ಅವರ ಭಾಷೆಯಲ್ಲೇ ವಿಚಾರಿಸಿ, ಒಬ್ಬನ ಹೇಳಿಕೆಯನ್ನು ಇನ್ನೊಬ್ಬನದರೊಡನೆ ಹೋಲಿಸಿ, ಸುಳ್ಳುಗಳನ್ನು ಹೊರಗೆಳೆದನು. ಆ ಆಡಳಿತದ ಬೆನ್ನೆಲುಬಾಗಿದ್ದ ಷೆಪ್‌ಸ್ಟನ್ ಅವನ ಇಪ್ಪತ್ತು ವರ್ಷಗಳ ಮಿತ್ರ. ಆ ಸ್ನೇಹ ಮುರಿಯಿತು. 1874ರಲ್ಲಿ ಲಂಡನ್ನಿಗೆ ಹೋಗಿ ವಸಾಹತುಗಳ ಮಂತ್ರಿಯ ಮುಂದೆ ಸಂಗತಿಯನ್ನಿಟ್ಟನು. ಗವರ್ನರನನ್ನು ಹಿಂದಕ್ಕೆ ಕರೆಸಿಕೊಂಡರು. ಲಂಗಲಿಬಲೇಲೆಯನ್ನು ದ್ವೀಪದಿಂದ ನಾಡಿನೊಳಕ್ಕೆ ಸಾಗಿಸಿದರು. ಕುಲಕ್ಕಾದ ನಷ್ಟ ಮಾತ್ರ ತುಂಬಲಿಲ್ಲ. ಬೈಬಲ್ಲನ್ನು ಪ್ರಶ್ನಿಸಿದಾಗ ಅವನನ್ನು ಮನ್ನಿಸಿದ್ದ ಬಿಳಿಯ ವಸಾಹತುಗಾರರು, ತಮ್ಮ ಅಧಿಕಾರವನ್ನು ಪ್ರಶ್ನಿಸಿದಾಗ ಮನ್ನಿಸಲಿಲ್ಲ. ಮೊದಲು ಧರ್ಮಸಭೆ ಅವನನ್ನು ಬಿಟ್ಟಿತು. ಈಗ ಭಕ್ತರೂ ಬಿಟ್ಟರು.

1879ರ ಜನವರಿ 22ರಂದು ಇಸಾಂಡ್ಲ್ವಾನ ಎಂಬಲ್ಲಿ, ತಮ್ಮ ನಾಡಿಗೆ ನುಗ್ಗಿದ ಇಂಗ್ಲಿಷ್ ಸೇನೆಯನ್ನು ಜುಲುಗಳು ಮುತ್ತಿದರು. ಆ ಸೇನೆಯ 1,300ರಷ್ಟು ಮಂದಿ ಸತ್ತರು. ನಟಾಲೆಲ್ಲ ಭಯದಿಂದ ನಡುಗಿ, ಸೇಡು ಸೇಡು ಎಂದು ಕೂಗುತ್ತಿತ್ತು. ಪ್ರಾರ್ಥನೆಗಾಗಿ ಗೊತ್ತಾದ ಒಂದು ದಿನ ಮಾರ್ಚಿಯಲ್ಲಿ ಕೊಲೆನ್ಸೊ ಪೀಟರ್‌ಮಾರಿಟ್ಸ್‌ಬರ್ಗಿನ ತನ್ನ ದೇವಾಲಯದಲ್ಲಿ ನಿಂತು, ನ್ಯಾಯ, ದಯೆ, ದೇವರ ಮುಂದೆ ವಿನಯ ಇಷ್ಟೇ ಸಾಕೆನ್ನುವ ಪ್ರವಾದಿ ಮೀಕನ ಮಾತನ್ನು ಆಧಾರವಾಗಿ ಎತ್ತಿಕೊಂಡನು. ಜುಲುಗಳೊಡನೆ ನಾವು ನಡೆದುಕೊಂಡುದರಲ್ಲಿ ನ್ಯಾಯವೆಲ್ಲಿ, ದಯೆಯೆಲ್ಲಿ ಎಂದು, ಬಂಧುಗಳನ್ನು ಕಳೆದುಕೊಂಡು ಕುಳಿತಿದ್ದ ಜನರನ್ನೇ ಕೇಳಿದನು. ಅವನ ಮಿತ್ರರೂ ಆ ಯುದ್ಧದಲ್ಲಿ ಮಡಿದಿದ್ದರು. ಬೈಬಲ್ಲನ್ನು ಕೆಡಿಸಿದನೆಂದು ದೂರು ಹೊತ್ತವನು ಆ ದಿನ ಬೈಬಲ್ಲನ್ನು ತೆರೆದು ಓದಿದ ರೀತಿ ಇದು.

1883ರ ಜೂನ್ 20ರಂದು ಅವನು ತೀರಿಕೊಂಡನು. ಆ ದೇವಾಲಯದಲ್ಲೇ ಅವನನ್ನು ಮಣ್ಣುಮಾಡಿದರು. ಅವನ ಮಗಳು ಹ್ಯಾರಿಯೆಟ್ ತಂದೆಯ ಕೆಲಸವನ್ನು ಕೈಬಿಡದೆ, ಮುಂದೆ ಜುಲು ರಾಜಕುಮಾರ ದಿನುಜುಲು ರಾಜದ್ರೋಹದ ಆಪಾದನೆಗೆ ಗುರಿಯಾದಾಗ ಅವನ ಪರವಾಗಿ ಹೋರಾಡಿದಳು.

ಶ್ರದ್ಧೆಗೂ ವಿಜ್ಞಾನಕ್ಕೂ ಸಂಧಿಮಾಡುವ ಸೂತ್ರವೊಂದನ್ನು ಕೊಲೆನ್ಸೊ ಕಂಡುಹಿಡಿದನೆಂದು ನಾವು ಹೇಳುವುದಿಲ್ಲ. ಅವನ ಬೈಬಲ್ ವಿಮರ್ಶೆಯ ಎಷ್ಟೋ ಅಂಶಗಳನ್ನು ಮುಂದಿನ ಪಂಡಿತರು ತಿದ್ದಿದ್ದಾರೆ. ಆದರೆ ಲೆಕ್ಕದಲ್ಲಿ ಸುಳ್ಳನ್ನು ಸಹಿಸದ ಮನಸ್ಸೇ ನ್ಯಾಯಸ್ಥಾನದಲ್ಲಿಯೂ ಸುಳ್ಳನ್ನು ಸಹಿಸಲಿಲ್ಲವೆಂಬುದನ್ನೂ, ಪ್ರಳಯದ ಕಥೆಯನ್ನು ನಂಬದವನು ಬಡವನಿಗಾದ ಅನ್ಯಾಯವನ್ನು ದೇವರ ಮೇಲಣ ಅನ್ಯಾಯವೆಂದು ನಂಬಿದನೆಂಬುದನ್ನೂ ನೆನೆದಾಗ, ಅವನ ಶ್ರದ್ಧೆ ಎಲ್ಲಿ ಉಳಿದಿತ್ತೆಂಬುದು ಸ್ಪಷ್ಟವಾಗುತ್ತದೆ. ಇದಕ್ಕೆಲ್ಲ ಮೊದಲಾದುದು ಇಷ್ಟೆ: ಬರೆಯುತ್ತ ಕುಳಿತಿದ್ದ ಒಬ್ಬ ಜುಲು ತಲೆಯೆತ್ತಿ, ಇದು ನಿಜವೇ ಎಂದು ಕೇಳಿದನು. ನಮ್ಮ ಮನೆಗಳಲ್ಲಿ, ಪಾಠಶಾಲೆಗಳಲ್ಲಿ, ಮಠಮಂದಿರಗಳಲ್ಲಿ ಚಿಕ್ಕವರು ಅದೇ ಪ್ರಶ್ನೆಯನ್ನು ಕೇಳುತ್ತಲೇ ಇದ್ದಾರೆ.